ಮೂರನೇ ಸಲಕ್ಕೆ ನಿಂತ ನಡುಕ: ಮುಂದಿನ ಚಕ್ರದ ಬ್ರೇಕ್ ಮನೆಯಲ್ಲೇ ಬದಲಾಯಿಸಿದ ಅನುಭವ

ಬ್ರೇಕ್ ಒತ್ತಿದರೆ ಕಾರಿನ ಸ್ಟಿಯರಿಂಗ್ ನಡುಗುತ್ತಿತ್ತು. 80ರ ವೇಗದಿಂದ ಇಳಿಸುವಾಗ ಜಾಸ್ತಿ, 40ಕ್ಕೆ ಬಂದರೆ ಗೊತ್ತೇ ಆಗುತ್ತಿರಲಿಲ್ಲ. ಮೊದಲ ಸಲ ವರ್ಕ್‌ಶಾಪ್‌ನಲ್ಲಿ ಎರಡೂ ಡಿಸ್ಕ್, ಪ್ಯಾಡ್ ಹೊಸದು ಹಾಕಿಸಿದೆ. ಎರಡನೇ ಸಲ ನಾನೇ ಹಾಕಿದೆ. ಎರಡು ಸಲವೂ ಒಂದೇ ಕಥೆ. 4 ಸಾವಿರ ಕಿ.ಮೀ. ತನಕ ಏನೂ ಇಲ್ಲ, 5 ಸಾವಿರ ದಾಟುವಷ್ಟರಲ್ಲಿ ನಡುಕ ವಾಪಸ್. "ಡಿಸ್ಕ್ ಬೆಂಡ್ ಆಗಿದೆ" ಎಂದರು ಎಲ್ಲರೂ. ಮತ್ತೆ ನಾನೇ ಬಿಚ್ಚುತ್ತೇನೆ ಅಂದಾಗ ಭಾವ, "ಬೇರೆ ಏನಾದ್ರೂ ರಿಪೇರಿ ಮಾಡ್ಕೋ ಮಾರಾಯ, ಬ್ರೇಕ್ ತಂಟೆಗೆ ಹೋಗ್ಬೇಡ" ಅಂದರು. ಈಗ ಸುಮಾರು 18 ಸಾವಿರ ಕಿ.ಮೀ. ಓಡಿದೆ. ನಡುಕ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಜಾಕ್, ಸ್ಟ್ಯಾಂಡ್, ಪ್ಯಾಡ್ ಹಿಡಿದು ಡಿಸ್ಕ್ ಮೇಲೆ ಒತ್ತುವ ಕ್ಯಾಲಿಪರನ್ನು ಹೋಸ್ ಮೇಲೆ ಭಾರ ಬೀಳದ ಹಾಗೆ ತಂತಿಯಲ್ಲಿ ಕಟ್ಟುವುದು, ಇದೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಎರಡನೇ ಸಲ ನಾನು ಮಾಡಿದ ಒಂದು ತಪ್ಪು ಹೇಳಲೇಬೇಕು. ಪ್ಯಾಡ್ ಸವೆದಾಗ ಬ್ರೇಕ್ ಆಯಿಲ್ ಮಟ್ಟ ಇಳಿದಿತ್ತು ಅಂತ ಮೊದಲೇ ಟಾಪ್ ಅಪ್ ಮಾಡಿಬಿಟ್ಟಿದ್ದೆ. ಹೊಸ ಪ್ಯಾಡ್ ಕೂರಿಸಲು ಕ್ಯಾಲಿಪರ್ ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಆ ಆಯಿಲ್ ಡಬ್ಬಿಯಿಂದ ಉಕ್ಕಿ ಹೊರಗೆ ಬಂತು. ತಕ್ಷಣ ನೋಡಲಿಲ್ಲ. ಬಾನೆಟ್ ಅಂಚಿನ ಕೆಳಗೆ ಅಂಗೈ ಅಗಲದ ಪೇಂಟ್ ಗುಳ್ಳೆ ಎದ್ದು ಕಿತ್ತು ಬಂತು. ಈಗ ಮೊದಲು ಸಿರಿಂಜ್‌ನಲ್ಲಿ ಒಂದಿಷ್ಟು ಆಯಿಲ್ ಎಳೆದುಕೊಂಡೇ ಪಿಸ್ಟನ್‌ಗೆ ಕೈ ಹಾಕುತ್ತೇನೆ.

ಮೂರನೇ ಸಲ ಡಿಸ್ಕ್ ಬಿಚ್ಚಿ ಮೈಕ್ರೋಮೀಟರ್ ಹಿಡಿದೆ. ಸುತ್ತಲೂ 8 ಕಡೆ ಅಳೆದೆ. ಒಂದು ಕಡೆ 21.90 ಮಿ.ಮೀ., ಎದುರು ಬದಿಗೆ 21.87. ವ್ಯತ್ಯಾಸ ಬರೀ 0.03, ಆದರೆ ಕೈಗೆ ನಡುಕ ತರಲು ಅಷ್ಟೇ ಸಾಕು. ಅಂದರೆ ಡಿಸ್ಕ್ ಬೆಂಡ್ ಆಗಿರಲಿಲ್ಲ, ದಪ್ಪ ಒಂದೇ ಸಮ ಇರಲಿಲ್ಲ. ಹೊಸ ಡಿಸ್ಕ್ ಹೀಗೆ ಯಾಕೆ ಸವೆಯುತ್ತದೆ? ಅದು ಹಬ್ (ಡಿಸ್ಕ್, ಚಕ್ರ ಕೂರುವ ತಿರುಗುವ ಭಾಗ) ಮೇಲೆ ನೇರವಾಗಿ ಕೂತಿಲ್ಲ ಅಂದರೆ, ಬ್ರೇಕ್ ಒತ್ತದೇ ಇದ್ದಾಗಲೂ ಪ್ರತಿ ಸುತ್ತಿಗೆ ಒಂದೇ ಜಾಗ ಪ್ಯಾಡ್‌ಗೆ ತಾಗುತ್ತದೆ. ಆ ಜಾಗ ನಿಧಾನಕ್ಕೆ ಸವೆಯುತ್ತದೆ. ಅದಕ್ಕೇ 5 ಸಾವಿರ ಕಿ.ಮೀ. ಕಾಯಬೇಕಾಯಿತು.

ತಪ್ಪು ಹಬ್‌ನಲ್ಲಿತ್ತು. ಬೋಲ್ಟ್‌ಗಳ ಬುಡದ ಸುತ್ತ ತುಕ್ಕು ಪದರಪದರವಾಗಿ ಗಟ್ಟಿಯಾಗಿ ಕೂತಿತ್ತು. ಬರೀ ವೈರ್ ಬ್ರಷ್ ಆಡಿಸಿದರೆ ಹೊಳಪು ಬರುತ್ತದೆ, ತುಕ್ಕು ಹೋಗುವುದಿಲ್ಲ. ಎರಡನೇ ಸಲ ನಾನು ಮೋಸ ಹೋಗಿದ್ದು ಅಲ್ಲೇ. ಈ ಸಲ ಉಪ್ಪುಕಾಗದ ಸುತ್ತಿದ ಚಿಕ್ಕ ಕಟ್ಟಿಗೆ ತುಂಡು ಹಿಡಿದು ಒಂದೊಂದು ಬೋಲ್ಟ್ ಸುತ್ತ ಉಜ್ಜಿದೆ. ಒಂದು ಹಬ್‌ಗೆ ಮುಕ್ಕಾಲು ಗಂಟೆ ಬೇಕಾಯಿತು. ಉಗುರು ಎಳೆದರೆ ಎಲ್ಲೂ ತಡೆಯಬಾರದು, ಅಲ್ಲಿವರೆಗೂ ಬಿಡಬೇಡಿ.

ಆಮೇಲೆ ಡಿಸ್ಕ್ ಕೂರಿಸಿ, ವಾಷರ್ ಕೊಟ್ಟು ನಟ್ ಬಿಗಿದು, ಡಿಸ್ಕ್ ಎಷ್ಟು ಓಲುತ್ತದೆ ಅಂತ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ತಿರುಗಿಸಿದೆ. ಉಜ್ಜುವ ಮೊದಲು 0.12 ಮಿ.ಮೀ. ಇದ್ದ ಓಲಾಟ 0.06ಕ್ಕೆ ಇಳಿದಿತ್ತು. ನನಗೆ ಬೇಕಾಗಿದ್ದು 0.05ರ ಒಳಗೆ. ಡಿಸ್ಕ್ ತೆಗೆದು ಒಂದು ರಂಧ್ರದಷ್ಟು ತಿರುಗಿಸಿ ಹಾಕಿದೆ, 0.07 ಆಯಿತು. ಇನ್ನೊಂದು ರಂಧ್ರ, 0.03. ಮುಳ್ಳು ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು. ಆ ಜಾಗಕ್ಕೆ ಹಬ್ ಮೇಲೂ ಡಿಸ್ಕ್ ಮೇಲೂ ಗುರುತು ಹಾಕಿಟ್ಟೆ.

ಎಡಗಡೆ ಇನ್ನೊಂದು ತೊಂದರೆ ಇತ್ತು. ಒಳಗಿನ ಪ್ಯಾಡ್ 4 ಮಿ.ಮೀ. ಉಳಿದಿತ್ತು, ಹೊರಗಿನದು 8. ಕ್ಯಾಲಿಪರ್ ಅತ್ತಿತ್ತ ಸರಿಯಲು ಇರುವ ಸ್ಲೈಡ್ ಪಿನ್‌ಗಳಲ್ಲಿ ಕೆಳಗಿನದು ಜಾಮ್. ಅದನ್ನು ಬ್ರಾಕೆಟ್‌ಗೆ ಏಟು ಬೀಳದ ಹಾಗೆ ಹೇಗೆ ಬಿಡಿಸಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಯಾರೋ ಅದಕ್ಕೆ ಮಾಮೂಲಿ ಬೇರಿಂಗ್ ಗ್ರೀಸ್ ಹಾಕಿದ್ದರು. ಸುಮ್ನೆ ನೋಡೋಣ ಅಂತ ಪಿನ್ ಮುಚ್ಚುವ ಹಳೆಯ ರಬ್ಬರ್ ಬೂಟ್ ಎರಡನ್ನು ತೊಳೆದು, ಒಂದನ್ನು ಆ ಗ್ರೀಸ್‌ನಲ್ಲಿ, ಇನ್ನೊಂದನ್ನು ಸಿಲಿಕೋನ್ ಗ್ರೀಸ್‌ನಲ್ಲಿ ಮೂರು ವಾರ ಮುಳುಗಿಸಿಟ್ಟೆ. ಮೊದಲನೆಯದು ಉಬ್ಬಿ ಮೆತ್ತಗಾಗಿ ಪಿನ್ ಮೇಲೆ ನಿಲ್ಲದಂತಾಯಿತು. ಎರಡನೆಯದು ಇದ್ದ ಹಾಗೇ ಇತ್ತು. ಪಿನ್‌ಗೆ ಯಾವ ಗ್ರೀಸ್ ಅನ್ನುವ ವಾದ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ದುಡ್ಡಿನ ಮಾತು. ಡಯಲ್ ಗೇಜ್ ಮತ್ತು ಅದರ ಸ್ಟ್ಯಾಂಡ್‌ಗೆ ಹೆಚ್ಚುಕಡಿಮೆ ಒಂದು ಸೆಟ್ ಪ್ಯಾಡ್‌ನಷ್ಟು ಖರ್ಚಾಯಿತು. ವರ್ಕ್‌ಶಾಪ್ ಬಿಲ್‌ನಲ್ಲಿ ಅರ್ಧದಷ್ಟು ಕೂಲಿಯೇ ಇತ್ತು, ಹಾಗಾಗಿ ಒಂದೇ ಸಲಕ್ಕೆ ಗಿಟ್ಟಿತು. ಹೊಟ್ಟೆ ಉರಿದಿದ್ದು ಬೇರೆ ವಿಷಯಕ್ಕೆ. ಮೊದಲ ಸಲ ತೆಗೆದ ಹಳೆಯ ಡಿಸ್ಕ್ ಮೂಲೆಯಲ್ಲಿ ಬಿದ್ದಿತ್ತು. ಅದರ ಮೇಲೆ ಕನಿಷ್ಠ ದಪ್ಪ 20 ಮಿ.ಮೀ. ಅಂತ ಅಚ್ಚಾಗಿದೆ. ಅಳೆದರೆ 21.5 ಇನ್ನೂ ಇತ್ತು. ಹಬ್ ಉಜ್ಜಿ, ಆ ಡಿಸ್ಕನ್ನೇ ಲೇತ್‌ನಲ್ಲಿ ಸಮ ಮಾಡಿಸಿದ್ದರೆ ಸಾಕಿತ್ತು ಅಲ್ವಾ? ಎರಡು ಜೋಡಿ ಡಿಸ್ಕ್‌ನ ದುಡ್ಡು ನೀರಲ್ಲಿ ಹೋಮ.

ಜೋಡಿಸಿದ ಮೇಲೆ ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ, ಒಂದು ಹೆಚ್ಚು ಒಂದು ಕಡಿಮೆ ಬಿಗಿದರೆ ಡಿಸ್ಕ್ ಮತ್ತೆ ಓಲುತ್ತದೆ. ನನ್ನ ಕಾರಿಗೆ 100 ನ್ಯೂಟನ್ ಮೀಟರ್ ಆಸುಪಾಸು. ಆಮೇಲೆ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲಿ ಅಂತ ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಇಳಿಸಿದೆ.

ಕಳೆದ ವಾರ 15 ಕಿ.ಮೀ. ಓಡಿಸಿ ಬಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಪಿನ್ ಜಾಮ್ ಆಗಿದ್ದಾಗ ಎಡಗಡೆ 150 ಡಿಗ್ರಿ, ಬಲಗಡೆ 80ರ ಹತ್ತಿರ ತೋರಿಸುತ್ತಿತ್ತು. ಈಗ ಎರಡೂ ಕಡೆ 80ರ ಆಸುಪಾಸು. ಭಾವನೂ ಪಕ್ಕದಲ್ಲಿ ನಿಂತು ನೋಡಿದರು.