ಬಣವೆಯನ್ನು ಮನೆ ಎಂದು ಬರೆಯಬೇಡಿ: ನಿಮ್ಮ ಊರನ್ನು ಮುಕ್ತ ನಕ್ಷೆಗೆ ಸೇರಿಸುವುದು ಹೇಗೆ?

ಕಳೆದ ಚಳಿಗಾಲ ಕಲಬುರಗಿಯ ಕಾಲೇಜೊಂದರ ಕಂಪ್ಯೂಟರ್ ಕೊಠಡಿಯಲ್ಲಿ ನಕ್ಷೆ ಬಿಡಿಸುವ ಕಮ್ಮಟ ನಡೆಸುತ್ತಿದ್ದೆ. ಜೇವರ್ಗಿ ಕಡೆಯ ಒಂದು ತಾಂಡಾದ ಉಪಗ್ರಹ ಚಿತ್ರ ಎಲ್ಲರ ಪರದೆಯ ಮೇಲಿತ್ತು. ಮುಂದಿನ ಸಾಲಿನ ವಿದ್ಯಾರ್ಥಿನಿ ಅರ್ಧ ಗಂಟೆಯಲ್ಲಿ ಮೂವತ್ತೆರಡು ಮನೆಗಳಿಗೆ ಗೆರೆ ಎಳೆದು ಕೈ ಎತ್ತಿದಳು. ಪಕ್ಕದಲ್ಲಿ ಕುಳಿತು ಒಂದೊಂದನ್ನೇ ನೋಡಿದೆ. ಒಂಬತ್ತು ಬಣವೆಗಳು, ಎರಡು ಕಣಗಳು ಮನೆಗಳಾಗಿದ್ದವು. ಮಾಳಿಗೆಯ, ಅಂದರೆ ಚಪ್ಪಟೆ ಛಾವಣಿಯ, ಮಣ್ಣು ನೆಲದ ಮಣ್ಣಿನೊಡನೆ ಒಂದೇ ಬಣ್ಣವಾಗಿದ್ದರಿಂದ ಹದಿನೈದರಷ್ಟು ನಿಜವಾದ ಮನೆಗಳು ಬಿಟ್ಟುಹೋಗಿದ್ದವು. ಆಕೆ ಹಳ್ಳಿಯಲ್ಲೇ ಬೆಳೆದವಳು. ಬಣವೆಯನ್ನು ದಿನವೂ ಕಂಡವಳು. ಆದರೆ ಮುಗಿಲಿನಿಂದ ಯಾವತ್ತೂ ಕಂಡಿರಲಿಲ್ಲ. ಈ ಲೇಖನ ಬರೆಯಲು ಆ ಅರ್ಧ ಗಂಟೆಯೇ ಕಾರಣ.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ, ಜನರೇ ಬಿಡಿಸುವ, ಯಾರು ಬೇಕಾದರೂ ಬಳಸಬಹುದಾದ ಜಗತ್ತಿನ ನಕ್ಷೆ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ಆ ದೇಶದ ರಾಜಧಾನಿಗೆ ಬಳಸಬಹುದಾದಂತಹ ಬೀದಿ ನಕ್ಷೆಯೇ ಇರಲಿಲ್ಲ. ಎಲ್ಲೆಲ್ಲೋ ಕುಳಿತಿದ್ದ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಬೀದಿ ಬೀದಿಯನ್ನೂ ಬಿಡಿಸಿದರು, ರಕ್ಷಣಾ ತಂಡಗಳು ಅದನ್ನೇ ಹಿಡಿದು ಓಡಾಡಿದವು. ಅದೇ ವರ್ಷ ಈ ಕೆಲಸಕ್ಕಾಗಿಯೇ ಹ್ಯುಮಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್ ಎಂಬ ಸಂಸ್ಥೆ ನೋಂದಣಿಯಾಯಿತು. 2015ರ ನೇಪಾಳದ ಭೂಕಂಪದಲ್ಲೂ ಸಾವಿರಾರು ಜನ ಹೀಗೆಯೇ ದುಡಿದರು.

ನಮಗೆ ಹೈಟಿಯವರೆಗೆ ಹೋಗಬೇಕಿಲ್ಲ. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ಭೀಮೆಯಲ್ಲಿ ಉಕ್ಕಿ ಅಫಜಲಪುರ, ಜೇವರ್ಗಿಯಿಂದ ಯಾದಗಿರಿಯವರೆಗೆ ಊರುಗಳನ್ನು ನುಂಗಿದ್ದು ಎಲ್ಲರಿಗೂ ನೆನಪಿದೆ. ದೋಣಿಯವರಿಗೆ ಬೇಕಾಗುವುದು ಊರಿನ ಹೆಸರಲ್ಲ. ಊರಾಚೆಯ ವಸ್ತಿಯಲ್ಲಿ ಎಷ್ಟು ಮನೆಗಳಿವೆ, ಅಲ್ಲಿಗೆ ದಾರಿ ಯಾವುದು, ಆ ದಾರಿಯಲ್ಲಿ ಹಳ್ಳ ಎಲ್ಲಿ ಅಡ್ಡ ಬರುತ್ತದೆ ಎಂಬುದು ಬೇಕು. ಇವುಗಳನ್ನು ನೆರೆ ಬಂದ ದಿನ ಬಿಡಿಸಲಾಗದು.

ಮೊದಲ ಹಂತ: ಖಾತೆ, ಮೌಸ್, ಜಾಗ

ಓಪನ್‌ಸ್ಟ್ರೀಟ್‌ಮ್ಯಾಪ್ ತಾಣದಲ್ಲಿ ಇಮೇಲ್ ಕೊಟ್ಟು ಖಾತೆ ತೆರೆಯಿರಿ, ಐದು ನಿಮಿಷದ ಕೆಲಸ. ಮೌಸ್ ಕೊಳ್ಳಿ. ಲ್ಯಾಪ್‌ಟಾಪಿನ ಸ್ಪರ್ಶಫಲಕದ ಮೇಲೆ ಬೆರಳಾಡಿಸಿ ಬಿಡಿಸಿದ ಮನೆಗಳನ್ನು ದೂರದಿಂದಲೇ ಗುರುತಿಸಬಲ್ಲೆ, ನಾಲ್ಕು ಮೂಲೆಗಳಲ್ಲಿ ಒಂದಾದರೂ ಜಾರಿರುತ್ತದೆ.

ಪರಿಹಾರ ಕಾರ್ಯದ ನಕ್ಷೆಗಳಿಗೆ ಟಾಸ್ಕಿಂಗ್ ಮ್ಯಾನೇಜರ್ ಎಂಬ ತಾಣವಿದೆ. ದೊಡ್ಡ ಪ್ರದೇಶವನ್ನು ಚೌಕಗಳಾಗಿ ಕತ್ತರಿಸಿ ಹಂಚುತ್ತದೆ. ನೀವು ಆರಿಸಿಕೊಂಡ ಚೌಕ ಎರಡು ಗಂಟೆ ನಿಮ್ಮ ಹೆಸರಿನಲ್ಲಿ ಬೀಗ ಬಿದ್ದಿರುತ್ತದೆ, ಬೇರೆಯವರು ಮುಟ್ಟಲಾರರು. ಮುಗಿಯದಿದ್ದರೆ ಮುಗಿದಿಲ್ಲ ಎಂದೇ ಗುರುತು ಹಾಕಿ ಬಿಟ್ಟುಕೊಡಿ. ಮುಗಿಯಿತೆಂದು ಸುಳ್ಳು ಗುರುತು ಹಾಕಿದ ಚೌಕವನ್ನು ಪರಿಶೀಲಕರು ಬರುವವರೆಗೆ ಯಾರೂ ತಿರುಗಿ ನೋಡುವುದಿಲ್ಲ. ನಿಮ್ಮ ಊರು ಅಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ, ನಕ್ಷೆಯಲ್ಲಿ ನೇರವಾಗಿ ಊರಿಗೆ ಹೋಗಿ ಬಿಡಿಸಬಹುದು. ಐಡಿ (iD) ಎಂಬ ಸಂಪಾದನಾ ಸಾಧನ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ.

ಅನುಮತಿ ಬೇಕೇ ಎಂದು ಪ್ರತಿ ಕಮ್ಮಟದಲ್ಲೂ ಕೇಳುತ್ತಾರೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ನಂತರ ಭಾರತೀಯರು ನಕ್ಷೆ ತಯಾರಿಸಲು ಮುಂಗಡ ಪರವಾನಗಿ ಬೇಕಿಲ್ಲ. ರಕ್ಷಣಾ ನೆಲೆಗಳ ಒಳವಿವರವನ್ನು ಮಾತ್ರ ಬರೆಯಕೂಡದು. ಬೀದರ್‌ನವರು ವಾಯುಪಡೆಯ ನೆಲೆಯ ಬೇಲಿಯಾಚೆಗೇ ನಿಲ್ಲಬೇಕು.

ಎರಡನೆಯ ಹಂತ: ಚಿತ್ರವನ್ನು ಸರಿಹೊಂದಿಸುವುದು

ಉಪಗ್ರಹ ಚಿತ್ರ ನೆಲದ ಮೇಲೆ ಸರಿಯಾಗಿ ಕೂತಿರಬೇಕೆಂದೇನಿಲ್ಲ. ಕೆಲವು ಮೀಟರ್ ಅತ್ತಿತ್ತ ಸರಿದಿರುತ್ತದೆ. ಐಡಿಯ ಹಿನ್ನೆಲೆ ಫಲಕದಲ್ಲಿ ಬಿಂಗ್, ಎಸ್ರಿ ಮುಂತಾದ ಹಲವು ಚಿತ್ರಗಳಿವೆ. ಬಲಗಡೆಯ ನಕ್ಷೆ ದತ್ತಾಂಶ ಫಲಕದಲ್ಲಿ ಜಿಪಿಎಸ್ ಜಾಡುಗಳನ್ನು ತೋರಿಸಲು ಹೇಳಿ. ಹೆದ್ದಾರಿಯಲ್ಲಿ ಓಡಾಡಿದವರ ಜಾಡು ಚಿತ್ರದ ರಸ್ತೆಯ ನಡುವೆ ಬೀಳಬೇಕು. ಬೀಳದಿದ್ದರೆ ಚಿತ್ರವನ್ನು ಎಳೆದು ಕೂಡಿಸಿ. ಹೊಸಬರು ಚಿತ್ರ ಸರಿದದ್ದನ್ನು ಕಂಡು ಹಿಂದಿನವರು ಬಿಡಿಸಿದ ರಸ್ತೆಯನ್ನೇ ಸರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೂರನೆಯ ಹಂತ: ಮನೆ ಯಾವುದು, ಬಣವೆ ಯಾವುದು

ಇಲ್ಲಿಯೇ ಎಲ್ಲರೂ ಎಡವುವುದು. ನಿಧಾನವಾಗಿ ಓದಿ.

ನಮ್ಮ ಭಾಗದ ಹಳ್ಳಿಯಲ್ಲಿ ಮೂರು ಬಗೆಯ ಛಾವಣಿ ಕಾಣುತ್ತದೆ. ಪತ್ರಾ, ಅಂದರೆ ತಗಡು, ಹೊದಿಸಿದ್ದು ಬಿಸಿಲಿಗೆ ಹೊಳೆಯುತ್ತದೆ, ಅದನ್ನು ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಆರ್‌ಸಿಸಿ ಮನೆ ಮತ್ತು ಶಹಾಬಾದ ಕಲ್ಲು ಹಾಸಿದ ಛಾವಣಿ ಬೂದು ಬಣ್ಣದ್ದು, ಅಂಚು ಚೂಪಾಗಿರುತ್ತದೆ. ಮೂರನೆಯದು ಮಣ್ಣಿನ ಮಾಳಿಗೆ. ಮೇಲಿನಿಂದ ನೋಡಿದರೆ ಅಂಗಳಕ್ಕೂ ಮಾಳಿಗೆಗೂ ವ್ಯತ್ಯಾಸವೇ ಇಲ್ಲ. ಬಣ್ಣ ನೋಡಿ ಹುಡುಕಿದರೆ ಸೋಲುತ್ತೀರಿ. ನೆರಳು ನೋಡಿ. ಚಳಿಗಾಲದ ಬೆಳಗಿನ ಚಿತ್ರದಲ್ಲಿ ಸೂರ್ಯ ಆಗ್ನೇಯಕ್ಕಿರುತ್ತಾನೆ, ಗೋಡೆಯ ನೆರಳು ಉತ್ತರಕ್ಕೂ ಪಶ್ಚಿಮಕ್ಕೂ ಬೀಳುತ್ತದೆ. ಮಣ್ಣಿನ ಬಣ್ಣದ ನಡುವೆ ಕೋಲಿನಂತೆ ನೇರವಾದ ಕಪ್ಪು ಗೆರೆ ಕಂಡರೆ ಅದರ ಪಕ್ಕದಲ್ಲಿ ಮಾಳಿಗೆ ಇದೆ ಎಂದೇ ಲೆಕ್ಕ. ಒಂದು ಗೆರೆ ಸಿಕ್ಕ ಮೇಲೆ ಇನ್ನೊಂದು ಮೂಲೆ ತಾನಾಗಿ ಕಾಣತೊಡಗುತ್ತದೆ.

ಬಣವೆಯ ನೆರಳು ದುಂಡಗೆ, ಮೆತ್ತಗೆ ಇರುತ್ತದೆ. ಅದು ಕಣದ ಅಂಚಿನಲ್ಲೋ ಹಿತ್ತಲಿನಲ್ಲೋ ಒಂಟಿಯಾಗಿ ನಿಂತಿರುತ್ತದೆ. ಮನೆಯಾದರೆ ಬಾಗಿಲಿಗೆ ಕಾಲುದಾರಿ ಸವೆದು ಬೆಳ್ಳಗಾಗಿರುತ್ತದೆ, ಬಣವೆಗೆ ಅಂಥ ದಾರಿ ಇರುವುದಿಲ್ಲ. ಇಷ್ಟಾದರೂ ಅನುಮಾನವೇ? ಹಿನ್ನೆಲೆಯ ಚಿತ್ರವನ್ನು ಬದಲಿಸಿ. ಎರಡು ಕಂಪನಿಗಳ ಚಿತ್ರಗಳು ಸಾಮಾನ್ಯವಾಗಿ ಬೇರೆ ಬೇರೆ ವರ್ಷದವು, ಬೇರೆ ತಿಂಗಳಿನವು. ಕಣಿಕೆಯ ಬಣವೆ ಜಾಗ ಬದಲಿಸುತ್ತದೆ ಇಲ್ಲವೇ ಮಾಯವಾಗುತ್ತದೆ. ಮನೆ ಅಲ್ಲೇ ಇರುತ್ತದೆ. ಈ ಒಂದು ಉಪಾಯವನ್ನು ತೋರಿಸಿದ ಮೇಲೆ ನಾನು ಹೇಳಿದ ವಿದ್ಯಾರ್ಥಿನಿ ತನ್ನ ಒಂಬತ್ತು ಬಣವೆಗಳನ್ನೂ ತಾನೇ ಹುಡುಕಿ ಅಳಿಸಿದಳು.

ಗೆರೆ ಎಳೆಯುವ ಕ್ರಮ ಹೀಗೆ. ಸಂಖ್ಯೆ ಮೂರರ ಕೀಲಿ ಒತ್ತಿದರೆ ಪ್ರದೇಶ ಬಿಡಿಸುವ ಸಾಧನ ಬರುತ್ತದೆ. ಮೂಲೆಗಳನ್ನು ಒಂದೊಂದಾಗಿ ಕ್ಲಿಕ್ ಮಾಡಿ ಮೊದಲ ಮೂಲೆಗೆ ಮರಳಿ, ಕಟ್ಟಡ ಎಂದು ಆರಿಸಿ, ಕ್ಯೂ (Q) ಕೀಲಿ ಒತ್ತಿ. ಮೂಲೆಗಳು ಲಂಬವಾಗುತ್ತವೆ. ಕ್ಯೂ ಒತ್ತದೆ ಮುಂದಿನ ಮನೆಗೆ ಹೋಗಲೇಬೇಡಿ. ರಸ್ತೆಗೆ ಅಂಟಿದ ಮನೆಯನ್ನು ಬಿಡಿಸುವಾಗ ಆಲ್ಟ್ ಕೀಲಿ ಹಿಡಿದುಕೊಳ್ಳಿ, ಇಲ್ಲವಾದರೆ ಮನೆಯ ಮೂಲೆ ರಸ್ತೆಯ ಬಿಂದುವಿಗೆ ಕಚ್ಚಿಕೊಂಡು ರಸ್ತೆ ಮನೆಯೊಳಗೆ ಹಾದುಹೋಗುತ್ತದೆ. ನಾನು ತಿದ್ದುವ ತಪ್ಪುಗಳಲ್ಲಿ ಇದಕ್ಕಿಂತ ಹೆಚ್ಚು ಬಾರಿ ಕಂಡದ್ದು ಬೇರೊಂದಿಲ್ಲ.

ಹಳೆಯ ಊರಿನ ಓಣಿಗಳಲ್ಲಿ ಮನೆಗೆ ಮನೆ ಗೋಡೆ ಹಂಚಿಕೊಂಡಿರುತ್ತದೆ. ಇಡೀ ಸಾಲನ್ನು ಒಂದೇ ಕಟ್ಟಡವಾಗಿ ಬಳಿದುಬಿಡುವುದು ಸುಲಭ. ಆದರೆ ಈ ಕಟ್ಟಡಗಳನ್ನು ಎಣಿಸಿಯೇ ಪರಿಹಾರ ತಂಡಗಳು ಜನಸಂಖ್ಯೆಯನ್ನು ಅಂದಾಜು ಮಾಡುತ್ತವೆ. ಹನ್ನೆರಡು ಮನೆಗಳ ಸಾಲು ಒಂದಾದರೆ ಹನ್ನೊಂದು ಒಲೆಗಳು ಲೆಕ್ಕದಿಂದ ಹೊರಗೆ. ಮಾಳಿಗೆಯ ಎತ್ತರದಲ್ಲಿ ಸಣ್ಣ ಏರಿಳಿತ ಕಂಡಲ್ಲೆಲ್ಲ ಗೋಡೆ ಇದೆ ಎಂದು ತಿಳಿದು ಬೇರೆ ಬೇರೆಯಾಗಿ ಬಿಡಿಸಿ. ದೊಡ್ಡ ವಾಡೆಗಳ ಒಳಗಿನ ಬಯಲು ಅಂಗಳವನ್ನು ಕಲಿಯುವಾಗ ಬಿಟ್ಟುಬಿಡಿ, ಹೊರಗೆರೆ ಸಾಕು.

ಯಂತ್ರವೇ ಗುರುತಿಸಿದ ಕಟ್ಟಡಗಳ ಗೆರೆಗಳು ಈಗ ಸಿದ್ಧವಾಗಿ ಸಿಗುತ್ತವೆ, ಒಮ್ಮೆಗೆ ನೂರಾರನ್ನು ತಂದು ಸುರಿಯಬಹುದು. ಸಿಮೆಂಟಿನ ಬಡಾವಣೆಗೆ ಅದು ಪರವಾಗಿಲ್ಲ. ಮಣ್ಣಿನ ಮಾಳಿಗೆಯ ಊರಿಗೆ ಬೇಡ ಎಂದೇ ನನ್ನ ಖಚಿತ ಅಭಿಪ್ರಾಯ. ನಮ್ಮ ಕಣ್ಣಿಗೆ ಕಾಣದ ಮಾಳಿಗೆ ಯಂತ್ರಕ್ಕೂ ಕಾಣುವುದಿಲ್ಲ.

ನಾಲ್ಕನೆಯ ಹಂತ: ದಾರಿ ಮತ್ತು ಹಳ್ಳ

ಊರಿಂದ ಊರಿಗೆ ಹೋಗುವ ಸಣ್ಣ ಡಾಂಬರು ರಸ್ತೆಗೆ ಅನ್‌ಕ್ಲಾಸಿಫೈಡ್ ಎಂಬ ವರ್ಗವಿದೆ. ವಿವರ ಗೊತ್ತಿಲ್ಲದ ರಸ್ತೆ ಎಂದು ತಿಳಿದು ಜನ ಅದನ್ನು ಬಿಡುತ್ತಾರೆ. ಅದರ ಅರ್ಥ ಹಾಗಲ್ಲ, ಕಿರಿಯ ಸಂಪರ್ಕ ರಸ್ತೆ ಎಂದೇ. ಊರೊಳಗಿನ ಓಣಿ ರೆಸಿಡೆನ್ಶಿಯಲ್, ಹೊಲಕ್ಕೆ ಹೋಗುವ ಬಂಡಿ ದಾರಿ ಟ್ರ್ಯಾಕ್, ಕಾಲುದಾರಿ ಪಾತ್. ಒಂದು ದಾರಿ ಇನ್ನೊಂದನ್ನು ಸೇರುವಲ್ಲಿ ಎರಡಕ್ಕೂ ಒಂದೇ ಬಿಂದು ಇರಬೇಕು. ಕಣ್ಣಿಗೆ ಕೂಡಿದಂತೆ ಕಂಡರೂ ಅರ್ಧ ಮೀಟರ್ ಅಂತರ ಉಳಿದರೆ ದಾರಿ ತೋರಿಸುವ ಆ್ಯಪ್ ಅಲ್ಲಿಗೇ ನಿಲ್ಲುತ್ತದೆ.

ದಾರಿಯ ಮೇಲ್ಮೈ ಬರೆಯುವುದನ್ನು ಮರೆಯಬೇಡಿ. ಎರೆ ಭೂಮಿಯ ಬಂಡಿ ದಾರಿ ಜನವರಿಯ ಚಿತ್ರದಲ್ಲಿ ಕಾರು ಓಡಿಸುವಂತಿರುತ್ತದೆ, ಆಗಸ್ಟ್‌ನಲ್ಲಿ ಟ್ರ್ಯಾಕ್ಟರಿನ ಗಾಲಿಯೂ ಹೂತುಹೋಗುತ್ತದೆ. ಹಳ್ಳ ದಾಟುವ ಜಾಗವನ್ನು ಹತ್ತಿರಕ್ಕೆ ಎಳೆದು ನೋಡಿ. ನೀರು ರಸ್ತೆಯ ಮೇಲೇ ಹರಿಯುವಂತಿದ್ದರೆ ಫೋರ್ಡ್, ಕೆಳಗೆ ಕೊಳವೆ ಇದ್ದರೆ ಕಲ್ವರ್ಟ್, ಸೇತುವೆಯಾದರೆ ಬ್ರಿಡ್ಜ್. ಬೇಸಿಗೆಯಲ್ಲಿ ಒಣಗುವ ಹಳ್ಳಕ್ಕೆ ಇಂಟರ್‌ಮಿಟೆಂಟ್ ಎಂದು ಸೇರಿಸಿ; ಒಣಗಿದೆ ಎಂದು ಹಳ್ಳವನ್ನೇ ಬಿಡಬೇಡಿ. ಬಸವಸಾಗರದಿಂದ ಕೃಷ್ಣೆಗೆ ಹೆಚ್ಚು ನೀರು ಬಿಟ್ಟಾಗ ಕೊಳ್ಳೂರು ಸೇತುವೆ ಮುಳುಗುತ್ತದೆ, ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯ ಜನರಿಗೆ ಹೊರಗಿನ ನಂಟು ಕಡಿಯುತ್ತದೆ. ಯಾದಗಿರಿಯವರಿಗೆ ಇದನ್ನು ನಾನು ವಿವರಿಸಬೇಕಿಲ್ಲ.

ಐದನೆಯ ಹಂತ: ಊರಿಗೆ ಹೋಗಿ ಹೆಸರು ಕೇಳುವುದು

ಕುರ್ಚಿಯಲ್ಲಿ ಕುಳಿತು ಹೆಸರು ಬರೆಯಲಾಗುವುದಿಲ್ಲ. ಗೂಗಲ್ ಮ್ಯಾಪ್ ನೋಡಿ ನಕಲು ಮಾಡುವುದು ಪರವಾನಗಿಯ ದೃಷ್ಟಿಯಿಂದ ನಿಷಿದ್ಧ, ಹಾಗೆ ಸೇರಿಸಿದ್ದನ್ನು ಅಳಿಸಿಹಾಕುತ್ತಾರೆ. ಫೋಟೋದ ಮೇಲೆ ವಿಳಾಸ ಅಚ್ಚೊತ್ತುವ ಕ್ಯಾಮೆರಾ ಆ್ಯಪ್‌ಗಳು ಈಗ ಎಲ್ಲರ ಮೊಬೈಲ್‌ನಲ್ಲಿವೆ. ಅವು ತೋರಿಸುವ ಊರಿನ ಹೆಸರೂ ಬೇರೆಯವರ ನಕ್ಷೆಯಿಂದ ಬಂದದ್ದು, ಅದನ್ನೂ ಬಳಸಬೇಡಿ. ಸ್ಥಳದಲ್ಲಿ ಸಣ್ಣ ವಿವರ ತುಂಬಲು ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಚೆನ್ನಾಗಿದೆ, ಜಾಹೀರಾತಿಲ್ಲ. ಆದರೂ ನಾನು ನಕ್ಷೆಯನ್ನು ಕಾಗದದ ಮೇಲೆ ಮುದ್ರಿಸಿಕೊಂಡೇ ಹೋಗುತ್ತೇನೆ. ಮೊಬೈಲ್ ಚಾಚಿದರೆ ಜನ ಹಿಂದೆ ಸರಿಯುತ್ತಾರೆ. ಕಾಗದವನ್ನು ಕಟ್ಟೆಯ ಮೇಲೆ ಹರಡಿದರೆ ಸುತ್ತ ಕೂರುತ್ತಾರೆ, ಬೆರಳಿಟ್ಟು ಜಗಳವಾಡಿ ಸರಿಪಡಿಸುತ್ತಾರೆ.

ಮೊದಲು ಆಶಾ ಕಾರ್ಯಕರ್ತೆಯನ್ನು ಕಾಣಿ. ಮನೆ ಮನೆ ತಿರುಗಿದ ಅಕ್ಕನಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಅಂಗನವಾಡಿ, ಶುದ್ಧ ನೀರಿನ ಘಟಕ, ಕೈಪಂಪು, ಪಡಿತರ ಅಂಗಡಿ, ನೆರೆ ಬಂದಾಗ ಕಾಳಜಿ ಕೇಂದ್ರವಾಗುವ ಶಾಲೆ, ಇಷ್ಟನ್ನು ಕೇಳಿ ಗುರುತು ಮಾಡಿ. ಕೈಪಂಪಿನ ಹಿಡಿಯನ್ನು ನೀವೇ ಒತ್ತಿ ನೋಡಿ, ನೀರು ಬರದಿದ್ದರೆ ಹಾಗೆಂದೇ ಬರೆಯಿರಿ. ಮನೆಯವರ ಹೆಸರನ್ನು ಎಂದಿಗೂ ನಕ್ಷೆಗೆ ಹಾಕಬೇಡಿ. ಬೀಗ ಬಿದ್ದ ಮನೆಯನ್ನು ಪಾಳುಮನೆ ಎನ್ನಬೇಡಿ. ಸುಗ್ಗಿ ಮುಗಿದ ಮೇಲೆ ತಾಂಡಾದ ಅರ್ಧ ಜನ ಗುಳೆ ಹೋಗಿರುತ್ತಾರೆ, ಮಳೆಗಾಲಕ್ಕೆ, ಅಂದರೆ ನೆರೆ ಬರುವ ಹೊತ್ತಿಗೆ, ಮನೆಯಲ್ಲೇ ಇರುತ್ತಾರೆ.

ಹೆಸರನ್ನು ಜನ ಕರೆಯುವಂತೆ ಬರೆಯಿರಿ. 2023ರ ಜನವರಿ 19ರಂದು ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. ದಾಖಲೆಯಲ್ಲೇ ಇಲ್ಲದಿದ್ದ ಎಷ್ಟೋ ತಾಂಡಾಗಳು ಕಂದಾಯ ಗ್ರಾಮಗಳಾದವು. ಈಗ ಕಾಗದದಲ್ಲಿ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು ಇರುವುದುಂಟು. ಎರಡನ್ನೂ ಹಾಕಿ, ಬಳಕೆಯದು ಮುಖ್ಯ ಹೆಸರು, ಇನ್ನೊಂದು ಪರ್ಯಾಯ. ಹೆಸರಿನ ಚೌಕದ ಪಕ್ಕದ ಕೂಡಿಸುವ ಚಿಹ್ನೆ ಒತ್ತಿದರೆ ಬೇರೆ ಬೇರೆ ಭಾಷೆಯಲ್ಲಿ ಬರೆಯಬಹುದು. ಕನ್ನಡ ಖಂಡಿತ ಇರಲಿ. ಬೀದರ್‌ನಲ್ಲಿ ಉರ್ದು, ಭಾಲ್ಕಿ, ಔರಾದ ಕಡೆ ಮರಾಠಿ, ಸೇಡಂ, ಗುರುಮಠಕಲ್ ಕಡೆ ತೆಲುಗು ಬಲ್ಲವರು ಸಿಕ್ಕರೆ ಅವರ ಕೈಯಿಂದಲೇ ಬರೆಸಿ.

ಆರನೆಯ ಹಂತ: ಉಳಿಸುವುದು

ಹದಿನೈದು ನಿಮಿಷಕ್ಕೊಮ್ಮೆ ಉಳಿಸಿ, ಏನು ಮಾಡಿದಿರೆಂದು ಒಂದು ಸಾಲು ಬರೆಯಿರಿ. ಪರಿಶೀಲಕರು ತಪ್ಪು ತೋರಿಸಿ ಬರೆದರೆ ಉತ್ತರಿಸಿ, ತಿದ್ದಿ.

ಮಳೆಗಾಲ ಕಳೆದ ಮೇಲೆ ಅದೇ ಊರಿಗೆ ಇನ್ನೊಮ್ಮೆ ಹೋಗಿ. ಹಳ್ಳ ಅಂಚು ಕೊರೆದು ದಾಟುವ ಜಾಗವನ್ನು ಸರಿಸಿರಬಹುದು, ಹೊಸ ಸಿ.ಡಿ., ಅಂದರೆ ಹಳ್ಳದ ಮೇಲಿನ ಕಿರುಸೇತುವೆ, ಬಂದಿರಬಹುದು. ನಾನು ಹೇಳಿದ ತಾಂಡಾಕ್ಕೆ ನವೆಂಬರ್‌ನಲ್ಲಿ ಹೋದಾಗ ನಾವು ಫೋರ್ಡ್ ಎಂದು ಗುರುತಿಸಿದ್ದ ಕಡೆ ಮಂಡಿಯುದ್ದದ ಕಂದಕವಿತ್ತು. ಜನ ಇನ್ನೂರು ಹೆಜ್ಜೆ ಮೇಲಕ್ಕೆ, ಜಾಲಿ ಮರದ ಪಕ್ಕದಲ್ಲಿ ಹೊಸ ದಾರಿ ಸವೆಸಿದ್ದರು. ಅಲ್ಲೇ ಕಾಗದದ ಮೇಲೆ ಹಳೆಯ ಬಿಂದುವಿಗೆ ಅಡ್ಡಗೆರೆ ಎಳೆದು ಹೊಸದನ್ನು ಗುರುತು ಮಾಡಿಕೊಂಡೆವು, ಸಂಜೆ ನಕ್ಷೆಯಲ್ಲೂ ಬದಲಿಸಿದೆವು.