ಗೇಮಿಂಗ್ ಪಿಸಿಗೆ ಯಾವ ಓಎಸ್? ಮೊದಲು ಆಟಗಳ ಪಟ್ಟಿ ಮಾಡಿ

ತುಮಕೂರಿನ ಗೇಮರ್‌ಗಳೇ, ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಾಗಂತ ಸಿಪಿಯು ಹೊತ್ತುಕೊಂಡು ಬಿ.ಎಚ್. ರಸ್ತೆಯ ಅಂಗಡಿಗೆ ಓಡಬೇಡಿ.

ವ್ಯಾಲೊರಂಟ್, ಫೋರ್ಟ್‌ನೈಟ್ ಆಡುವವರಿಗೆ ವಿಂಡೋಸ್ 11 ಸರಿಯಾದ ದಾರಿ. ಇವುಗಳ ಆ್ಯಂಟಿ-ಚೀಟ್ (ಆಟದಲ್ಲಿ ಮೋಸ ತಡೆಯುವ ತಂತ್ರಾಂಶ) ಉಚಿತ ಓಎಸ್ ಆದ ಲಿನಕ್ಸ್‌ನಲ್ಲಿ ನಡೆಯಲ್ಲ. ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರು ಅಥವಾ ರೈಜೆನ್ 2000 ಸರಣಿಯಿಂದ ಈಚೆಗಿನ ಪ್ರೊಸೆಸರ್ ಬೇಕು. ಅದಕ್ಕೆ ಬೇಕಾದ ಭದ್ರತಾ ಘಟಕ "ಟಿಪಿಎಂ ಇಲ್ಲ" ಅಂತ ಬಂದರೆ ಹೆಚ್ಚಿನ ಸಲ ಅದು ಬಯಾಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡ್ ಸೆಟ್ಟಿಂಗ್) ಆಫ್ ಆಗಿರುತ್ತದೆ, ಅಷ್ಟೇ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಲ್ಲಿ ಹುಡುಕಿ.

ಎಲ್ಲರೂ ಎಡವುವುದು ಇಲ್ಲಿ: ಹಳೆಯ ಡಿಸ್ಕ್ ಎಂಬಿಆರ್ ಎಂಬ ಹಳೇ ವಿಭಾಗ ಮಾದರಿಯಲ್ಲಿದ್ದಾಗ ಬಯಾಸ್‌ನಲ್ಲಿ ಸಿಎಸ್‌ಎಂ (ಹಳೇ ಬೂಟ್ ವಿಧಾನಕ್ಕೆ ಅವಕಾಶ ಕೊಡುವ ಆಯ್ಕೆ) ತೆಗೆದು ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದ ಮಾತ್ರ ಬೂಟ್ ಮಾಡುವ ಭದ್ರತೆ) ಹಾಕಿದರೆ ಪಿಸಿ ಬೂಟ್ ಆಗದೆ ಬಯಾಸ್‌ಗೇ ವಾಪಸ್ ಬರುತ್ತದೆ. ಗಾಬರಿ ಬೇಡ, ಡೇಟಾ ಎಲ್ಲೂ ಹೋಗಿರಲ್ಲ. ಸಿಎಸ್‌ಎಂ ಮತ್ತೆ ಆನ್ ಮಾಡಿ, ಬ್ಯಾಕಪ್ ತೆಗೆದು, ವಿಂಡೋಸ್‌ನಲ್ಲೇ ಇರುವ ಎಂಬಿಆರ್‌2ಜಿಪಿಟಿ ಟೂಲ್‌ನಿಂದ ಡಿಸ್ಕನ್ನು ಹೊಸ ಜಿಪಿಟಿ ಮಾದರಿಗೆ ಬದಲಿಸಿ, ಆಮೇಲೆ ಸಿಎಸ್‌ಎಂ ತೆಗೆಯಿರಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ಸ್ಟೀಮ್‌ನ ಒಬ್ಬರೇ ಆಡುವ ಆಟಗಳಷ್ಟೇ ಸಾಕೇ? ಬಝೈಟ್ ಅಥವಾ ಲಿನಕ್ಸ್ ಮಿಂಟ್ ಎಂಬ ಲಿನಕ್ಸ್ ಆವೃತ್ತಿಗಳನ್ನು ಧಾರಾಳವಾಗಿ ಹಾಕಿ. ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವುದು ಸ್ಟೀಮ್‌ನ ಪ್ರೋಟಾನ್ ಎಂಬ ತಂತ್ರಾಂಶ; ಪ್ರತಿ ಆಟ ಅದರಲ್ಲಿ ಹೇಗೆ ಓಡುತ್ತದೆ ಎಂಬುದನ್ನು ಪ್ರೋಟಾನ್‌ಡಿಬಿ ಜಾಲತಾಣದಲ್ಲಿ ನೋಡಿ. ಹಳೆಯ ಎನ್‌ಟಿಎಫ್‌ಎಸ್ (ವಿಂಡೋಸ್ ಮಾದರಿಯ) ಡ್ರೈವ್‌ನಿಂದಲೇ ಆಟ ಓಡಿಸಲು ಹೋಗಬೇಡಿ, ಪ್ರೋಟಾನ್ ಅಲ್ಲಿ ಕೈಕೊಡುತ್ತದೆ. ಲಿನಕ್ಸ್‌ನ ಎಕ್ಸ್ಟ್4 (ext4) ಅಥವಾ ಬಿಟಿಆರ್‌ಎಫ್‌ಎಸ್ (Btrfs) ಮಾದರಿಯ ಪಾರ್ಟಿಷನ್‌ಗೆ ನಕಲಿಸಿ.

ಬಯಾಸ್ ಅಪ್‌ಡೇಟ್ ಮಾಡುವುದಾದರೆ ಯುಪಿಎಸ್ ಕಡ್ಡಾಯ. ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಹೋದೀತು.