‘ಥೀಮ್‌ಗೆ ತಕ್ಕ ಡ್ರೆಸ್‌ನಲ್ಲಿ ಬನ್ನಿ’ ಅಂದರೆ ಏನು ಮಾಡಬೇಕು?

ಕಳೆದ ವರ್ಷ ಮಗಳ ಗೆಳತಿಯ ಬರ್ತ್‌ಡೇ ಪಾರ್ಟಿಗೆ ಹೋಗಿದ್ದೆವು. ಥೀಮ್ ಕಾಡುಪ್ರಾಣಿ. ಒಳಗೆ ಹುಲಿ, ಜಿರಾಫೆ, ಮೊಲ ಎಲ್ಲವೂ ಓಡಾಡುತ್ತಿದ್ದವು. ಬಾಗಿಲ ಹತ್ತಿರ ಒಬ್ಬ ಹುಡುಗ ನೀಲಿ ಚೆಕ್ಸ್ ಶರ್ಟ್ ಹಾಕಿಕೊಂಡು ನಿಂತಿದ್ದ. ಶರ್ಟಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಎಳೆಯುತ್ತಲೇ ಇದ್ದ. ಡ್ರೆಸ್ ಕೋಡ್ ಇದೆ ಅಂತ ಅವನ ಅಮ್ಮನಿಗೆ ಗೊತ್ತೇ ಇರಲಿಲ್ಲ, ಇನ್ವಿಟೇಶನ್‌ನ ಕೊನೆಯಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಅರ್ಧ ಗಂಟೆ ಆದರೂ ಅವನು ಒಳಗೆ ಬರಲಿಲ್ಲ. ಕೊನೆಗೆ ಆ ಮನೆಯ ಅಜ್ಜಿ ಕಾಡಿಗೆ ಪೆನ್ಸಿಲ್ ತಂದು, ಅವನ ಮುಂದೆ ಕೂತು, ಮೂಗಿನ ತುದಿಗೆ ಒಂದು ಚುಕ್ಕೆ ಇಟ್ಟು ಎರಡೂ ಕೆನ್ನೆಗೆ ಮೂರು ಮೂರು ಗೆರೆ ಎಳೆದರು. ಹುಡುಗ ಬೆಕ್ಕಾದ. ಒಳಗೆ ಓಡಿದ.

ಅಷ್ಟೇ ಸಾಕಾಗಿತ್ತು ನೋಡಿ. ಡ್ರೆಸ್ ಕೋಡ್ ಇರುವುದು ಮಕ್ಕಳು ಒಟ್ಟಿಗೆ ಒಂದು ಆಟದೊಳಗೆ ಸೇರಿಕೊಳ್ಳಲಿ ಅಂತ. ಅದೇ ಒಂದು ಮಗುವನ್ನು ಹೊರಗೆ ನಿಲ್ಲಿಸಿದರೆ ಏನು ಪ್ರಯೋಜನ? ಹಾಗಾಗದಂತೆ ಎರಡೂ ಕಡೆಯವರು ಏನು ಮಾಡಬಹುದು ಅಂತ ಒಂದೊಂದಾಗಿ ಹೇಳುತ್ತೇನೆ. ಮೊದಲು ಹೋಗುವವರ ಕಡೆಯಿಂದ.

ಮೊದಲು ಕೇಳಿ, ಆಮೇಲೆ ಖರೀದಿ

ಇನ್ವಿಟೇಶನ್ ಕೈಗೆ ಬಂದ ದಿನವೇ ಪೂರ್ತಿ ಓದಿ. ‘ಸೂಪರ್‌ಹೀರೋ ಥೀಮ್’ ಅಂತ ಮಾತ್ರ ಇದ್ದರೆ ಅದು ಕೇಕ್ ಮತ್ತು ಅಲಂಕಾರದ ಥೀಮ್ ಕೂಡ ಆಗಿರಬಹುದು, ಮಕ್ಕಳು ವೇಷ ಹಾಕಲೇಬೇಕು ಅಂತ ಏನಿಲ್ಲ. ಊಹೆ ಮಾಡಿ ದುಡ್ಡು ಖರ್ಚು ಮಾಡುವ ಬದಲು ಒಂದು ಮೆಸೇಜ್ ಹಾಕಿ: ‘ಕರೆದಿದ್ದಕ್ಕೆ ತುಂಬಾ ಖುಷಿ ಆಯ್ತು. ಪೂರ್ತಿ ವೇಷ ಬೇಕಾ, ಆ ಬಣ್ಣದ ಬಟ್ಟೆ ಇದ್ದರೆ ಸಾಕಾ? ಹೊರಗಡೆ ಆಟ ಇದೆಯಾ?’ ಹೊರಗಡೆ ಆಟದ ಪ್ರಶ್ನೆ ಸುಮ್ನೆ ಸೇರಿಸಿದ್ದಲ್ಲ. ನೀರಾಟ ಅಥವಾ ಜಾರುಬಂಡಿ ಇದ್ದರೆ ಉದ್ದ ಗೌನ್, ರೆಕ್ಕೆ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಕೇಳಲು ಮುಜುಗರ ಬೇಡ. ಕರೆದವರಿಗೂ ಇದರಿಂದ ಸಹಾಯವೇ, ನಿಮಗೆ ಬಂದ ಅನುಮಾನ ಇನ್ನೂ ನಾಲ್ಕು ಮನೆಯವರಿಗೆ ಬಂದಿರುತ್ತದೆ.

ಆಮೇಲೆ ಮಗುವನ್ನು ಕೇಳಿ. ‘ಏನು ಹಾಕ್ಕೋತೀಯ?’ ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. ‘ಮೀನಾಗ್ತೀಯಾ, ಆಕ್ಟೋಪಸ್ ಆಗ್ತೀಯಾ?’ ಅಂತ ಎರಡು ಆಯ್ಕೆ ಕೊಡಿ. ಹುಡುಗ ಚಿಟ್ಟೆಯ ರೆಕ್ಕೆ ಬೇಕು ಅಂದರೆ ಚಿಟ್ಟೆಯ ರೆಕ್ಕೆ ಕೊಡಿ, ಹುಡುಗಿ ಕಡಲ್ಗಳ್ಳ ಆಗಬೇಕು ಅಂದರೆ ಆಗಲಿ. ವೇಷವೇ ಬೇಡ ಅನ್ನುವ ಮಕ್ಕಳೂ ಇರುತ್ತಾರೆ, ಅದು ಹಟ ಅಂದುಕೊಳ್ಳಬೇಡಿ. ಕೆಲವು ಮಕ್ಕಳಿಗೆ ಚಮ್ಕಿ, ಲೇಸ್, ನೈಲಾನ್ ಬಟ್ಟೆ ಮೈಗೆ ತಾಗಿದರೆ ನಿಜವಾಗಿಯೂ ಆಗುವುದಿಲ್ಲ. ಅಂಥವರಿಗೆ ರೂಢಿಯಲ್ಲಿರುವ ಹತ್ತಿ ಟೀ ಶರ್ಟಿನ ಮೇಲೆ ಒಂದು ಬ್ಯಾಡ್ಜ್ ಸಾಕು. ಗ್ರಹಗಳ ಥೀಮ್ ಆದರೆ ರಟ್ಟಿನ ಶನಿಗ್ರಹ, ಬಳೆ ಸಮೇತ.

ಬೀರುವಿನಲ್ಲಿ ಇರುವುದರಿಂದಲೇ ಶುರು

ಎರಡು ಗಂಟೆಯ ಪಾರ್ಟಿಗೆ ಹೊಸ ಕಾಸ್ಟ್ಯೂಮ್ ಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಮಗು ಬೆಳೆಯುತ್ತದೆ, ಅದು ಮೂಲೆ ಸೇರುತ್ತದೆ. ಒಂದೇ ಬಣ್ಣದ ಟೀ ಶರ್ಟ್ ಮತ್ತು ಲೆಗ್ಗಿಂಗ್ಸ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಕೆಂಪು ಟೀ ಶರ್ಟ್ ಇದೆಯಾ? ಬೆನ್ನಿಗೆ ಕಪ್ಪು ಕಾಗದದ ಏಳು ಚುಕ್ಕೆ ಕತ್ತರಿಸಿ ಎರಡೂ ಬದಿ ಅಂಟುವ ಟೇಪಿನಿಂದ ಹಚ್ಚಿ. ಗುಲಗಂಜಿ ಹುಳು ರೆಡಿ. ಏಳು ಅಂತ ಲೆಕ್ಕ ಹೇಳಿದ್ದು ಯಾಕೆಂದರೆ ಏಳು ಚುಕ್ಕೆಯ ಜಾತಿಯೇ ಒಂದಿದೆ, ಮಗು ಅದನ್ನು ಎಲ್ಲರಿಗೂ ಎಣಿಸಿ ತೋರಿಸುತ್ತದೆ. ಆಕ್ಟೋಪಸ್‌ಗೆ ಎಂಟು ತೋಳು ಬೇಕು. ಎರಡು ಮಗುವಿನದ್ದೇ ಇವೆ, ಉಳಿದ ಆರಕ್ಕೆ ಜೋಡಿ ತಪ್ಪಿದ ಸಾಕ್ಸ್‌ಗಳಿಗೆ ಹಳೆ ಬಟ್ಟೆ ತುಂಬಿ, ಬಾಯಿ ಹೊಲಿದು, ಟೀ ಶರ್ಟಿನ ಎರಡೂ ಪಕ್ಕಕ್ಕೆ ಮೂರು ಮೂರರಂತೆ ಹೊಲಿಯಿರಿ. ಪಿನ್ ಚುಚ್ಚಬೇಡಿ, ಎಳೆದಾಟದಲ್ಲಿ ತೆರೆದುಕೊಳ್ಳುತ್ತದೆ. ಬಾಹ್ಯಾಕಾಶ ಯಾತ್ರಿಗೆ ಎರಡು ಖಾಲಿ ಬಾಟಲಿಗೆ ಅಡುಗೆಮನೆಯ ಫಾಯಿಲ್ ಸುತ್ತಿ ಸ್ಕೂಲ್ ಬ್ಯಾಗಿಗೆ ಕಟ್ಟಿದರೆ ಆಕ್ಸಿಜನ್ ಸಿಲಿಂಡರ್ ಆಯಿತು.

ಇದನ್ನೆಲ್ಲ ಮಗುವಿನ ಜೊತೆ ಕೂತು ಮಾಡಿ. ಚುಕ್ಕೆ ಸೊಟ್ಟ ಆದರೂ ಪರವಾಗಿಲ್ಲ. ತಾನೇ ಅಂಟಿಸಿದ್ದನ್ನು ಹಾಕಿಕೊಳ್ಳಲು ಮಗು ಹಿಂದೆ ಮುಂದೆ ನೋಡುವುದು ಕಡಿಮೆ.

ಇಲ್ಲಿ ಮಾತ್ರ ಸಡಿಲ ಬಿಡಬೇಡಿ

ಬರ್ತ್‌ಡೇ ಅಂದರೆ ಮೇಣದಬತ್ತಿ. ತೆಳ್ಳಗಿನ ನೆಟ್ ಬಟ್ಟೆ, ಜೋಲು ತೋಳು, ಹಿಂದೆ ಹಾರಾಡುವ ಕೇಪ್, ಇವೆಲ್ಲ ಬೆಂಕಿಗೆ ಬೇಗ ಸಿಗುವಂಥವು. 2014ರಲ್ಲಿ ಬ್ರಿಟನ್ನಿನ ಟಿವಿ ನಿರೂಪಕಿ ಕ್ಲಾಡಿಯಾ ವಿಂಕಲ್‌ಮನ್ ಅವರ ಮಗಳ ಹ್ಯಾಲೋವೀನ್ ಉಡುಪಿಗೆ ಮೇಣದಬತ್ತಿಯಿಂದ ಬೆಂಕಿ ತಗಲಿ ಮಗುವಿಗೆ ಸುಟ್ಟ ಗಾಯಗಳಾದವು. ಆಮೇಲೆ ಅಲ್ಲಿ ದೊಡ್ಡ ಚರ್ಚೆಯೇ ಆಯಿತು. ಅಲ್ಲಿನ ನಿಯಮದಲ್ಲಿ ಮಕ್ಕಳ ವೇಷದ ಉಡುಪುಗಳು ಬಟ್ಟೆಯ ಲೆಕ್ಕಕ್ಕಲ್ಲ, ಆಟಿಕೆಯ ಲೆಕ್ಕಕ್ಕೆ ಬರುತ್ತವೆ, ಮಕ್ಕಳ ಮಲಗುವ ಬಟ್ಟೆಗೆ ಇರುವಷ್ಟು ಬಿಗಿಯಾದ ಬೆಂಕಿ ಪರೀಕ್ಷೆ ಇವಕ್ಕಿಲ್ಲ ಅಂತ ಆಗ ಎಷ್ಟೋ ಪೋಷಕರಿಗೆ ತಿಳಿಯಿತು. ಹಾಗಾಗಿ ಬತ್ತಿ ಹಚ್ಚುವ ಮುಂಚೆ ರೆಕ್ಕೆ, ಕೇಪ್, ವಿಗ್ ಬಿಚ್ಚಿಸಿ. ಮಕ್ಕಳನ್ನು ಕೇಕ್‌ನಿಂದ ಒಂದು ಹೆಜ್ಜೆ ಹಿಂದೆ ನಿಲ್ಲಿಸಿ. ಬತ್ತಿ ಆರಿದ ಮೇಲೆ ಮತ್ತೆ ಹಾಕಿಕೊಳ್ಳಲಿ.

ಕುತ್ತಿಗೆಗೆ ಕಟ್ಟುವ ದಾರ ಇನ್ನೊಂದು ಅಪಾಯ. ಜಾರುಬಂಡಿಯಲ್ಲಿ ದಾರ ಸಿಕ್ಕಿಕೊಂಡು ಮಕ್ಕಳು ಸತ್ತ ಘಟನೆಗಳನ್ನು ನೋಡಿಯೇ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1996ರಲ್ಲಿ ಮಕ್ಕಳ ಮೇಲುಡುಪಿನ ದಾರಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಕೇಪ್‌ಗೆ ದಾರ ಬೇಡ, ಒಂದು ತುಂಡು ವೆಲ್ಕ್ರೋ ಹೊಲಿಯಿರಿ. ಎಳೆದರೆ ಬಿಚ್ಚಿಕೊಳ್ಳುತ್ತದೆ.

ಮುಖವಾಡ ಹಾಕಿದರೆ ಪಕ್ಕದಲ್ಲಿ ಏನಿದೆ ಅಂತ ಮಗುವಿಗೆ ಕಾಣುವುದಿಲ್ಲ. ಕಿವಿ ಅಂಟಿಸಿದ ಹೇರ್ ಬ್ಯಾಂಡೇ ವಾಸಿ. ಫೇಸ್ ಪೇಂಟ್ ಹಚ್ಚುವುದಾದರೆ ಹಿಂದಿನ ದಿನವೇ ಮುಂಗೈಯ ಒಳಭಾಗಕ್ಕೆ ಒಂಚೂರು ಹಚ್ಚಿ ನೋಡಿ, ಕೆಂಪಾದರೆ ಬೇಡ. ಮೂರು ವರ್ಷದೊಳಗಿನ ಮಕ್ಕಳಿದ್ದರೆ ಮಣಿ, ಗುಂಡಿ ಉದುರುವ ವೇಷವೇ ಬೇಡ. ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆಯೊಳಗೆ ತೂರುವ ಯಾವ ವಸ್ತುವೂ ಆ ವಯಸ್ಸಿನವರ ಕೈಗೆ ಸಿಗಬಾರದು.

ಹಿಂದಿನ ದಿನ ಇಪ್ಪತ್ತು ನಿಮಿಷ ಹಾಕಿ ನೋಡಿ

ಇದನ್ನು ತಪ್ಪಿಸಬೇಡಿ. ಮಗು ವೇಷ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರಲಿ, ಎರಡೂ ಕೈ ಮೇಲೆತ್ತಲಿ, ಮೆಟ್ಟಿಲು ಹತ್ತಿ ಇಳಿಯಲಿ. ಮುಖ್ಯವಾಗಿ, ತಾನೇ ಟಾಯ್ಲೆಟ್‌ಗೆ ಹೋಗಿ ಬರಲು ಆಗುತ್ತದಾ ನೋಡಿ. ಬೆನ್ನಿಗೆ ಜಿಪ್ ಇರುವ ಇಡೀ ಮೈಯ ಕಾಸ್ಟ್ಯೂಮ್ ಹಾಕಿಕೊಂಡ ಐದು ವರ್ಷದ ಮಗು, ಗೊತ್ತಿಲ್ಲದವರ ಮನೆಯಲ್ಲಿ, ಯಾರನ್ನು ಕೇಳಬೇಕು ಅಂತ ತಿಳಿಯದೆ ತಡೆದುಕೊಂಡು ನಿಲ್ಲುತ್ತದೆ ಅಲ್ವಾ?

ಬಿಚ್ಚಿದ ಮೇಲೆ ಮೈ ನೋಡಿ. ನನ್ನ ಮಗಳ ಕುತ್ತಿಗೆಯ ಸುತ್ತ ಲೇಸ್ ಉಜ್ಜಿದ ಕಡೆ ತೆಳ್ಳಗೆ ಕೆಂಪು ಗೆರೆ ಮೂಡಿತ್ತು, ಸೊಂಟದಲ್ಲಿ ಇಲಾಸ್ಟಿಕ್‌ನ ಅಚ್ಚು ಹಲ್ಲು ಹಲ್ಲಾಗಿ ಕೂತಿತ್ತು. ಕೇಳಿದಾಗೆಲ್ಲ ‘ಚೆನ್ನಾಗಿದೆ’ ಅಂದಿದ್ದಳು, ಅವಳಿಗೆ ಆ ಡ್ರೆಸ್ ಮೇಲೆ ಅಷ್ಟು ಆಸೆ. ಒಳಗೆ ತೆಳು ಬನಿಯನ್ ಹಾಕಿ, ಲೇಬಲ್ ಕತ್ತರಿಸಿ, ಇಲಾಸ್ಟಿಕ್ ಒಂದು ಬೆರಳು ಸಡಿಲ ಮಾಡಿದೆ. ಮರುದಿನ ಏನೂ ತೊಂದರೆ ಆಗಲಿಲ್ಲ. ಬ್ಯಾಗಿನಲ್ಲಿ ಒಂದು ಜೊತೆ ಮಾಮೂಲಿ ಬಟ್ಟೆ ಇಟ್ಟುಕೊಂಡೇ ಹೋಗಿ.

ಆಗುವುದಿಲ್ಲ ಅಂತ ಹೇಳುವುದು

ದುಡ್ಡಿಲ್ಲ, ಸಮಯವಿಲ್ಲ, ಅಥವಾ ವೇಷ ಮನಸ್ಸಿಗೆ ಒಪ್ಪುತ್ತಿಲ್ಲ. ಕಾರಣ ವಿವರಿಸಬೇಕಾಗಿಲ್ಲ. ‘ಖಂಡಿತ ಬರ್ತೀವಿ. ವೇಷ ಮಾತ್ರ ಈ ಸಲ ಆಗ್ತಿಲ್ಲ, ಹಸಿರು ಶರ್ಟ್ ಹಾಕಿ ಕಳಿಸ್ತೀನಿ’ ಅಂದರೆ ಸಾಕು. ಯಾವುದೋ ಜನಾಂಗವನ್ನು ಅಥವಾ ಅಂಗವೈಕಲ್ಯವನ್ನು ತಮಾಷೆ ಮಾಡುವಂಥ ವೇಷವಾದರೆ ಗ್ರೂಪಿನಲ್ಲಿ ಬರೆಯದೆ, ಕರೆದವರಿಗೇ ಫೋನ್ ಮಾಡಿ ಮೆಲ್ಲಗೆ ಹೇಳಿ.

ಇನ್ನು ಪಾರ್ಟಿ ಮಾಡುವವರಿಗೆ

ಮೂರು ವಾರ ಮುಂಚೆ ತಿಳಿಸಿ. ಡ್ರೆಸ್ ವಿಷಯ ದಿನ, ಸಮಯದ ಪಕ್ಕದಲ್ಲೇ ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಲಿ: ‘ಥೀಮ್ ಸಮುದ್ರ. ನೀಲಿ ಬಣ್ಣದ ಏನಾದರೂ ಸರಿ, ಮಾಮೂಲಿ ಬಟ್ಟೆಯಲ್ಲಿ ಬಂದರೂ ಸರಿ.’ ಈ ಕೊನೆಯ ನಾಲ್ಕು ಮಾತು ದಯವಿಟ್ಟು ಬಿಡಬೇಡಿ. ಥೀಮ್ ಅಗಲವಾಗಿರಲಿ. ಒಂದೇ ಕಾರ್ಟೂನಿನ ಒಂದೇ ಪಾತ್ರ ಅಂದರೆ ಎಲ್ಲರೂ ಅಂಗಡಿಗೇ ಹೋಗಬೇಕಾಗುತ್ತದೆ. ಸಮುದ್ರ, ತೋಟ, ಕಾಮನಬಿಲ್ಲು ಅಂದರೆ ಮನೆಯಲ್ಲೇ ಏನಾದರೂ ಸಿಗುತ್ತದೆ.

‘ಬೆಸ್ಟ್ ಡ್ರೆಸ್’ ಬಹುಮಾನ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಅದು ಹೋಗುವುದು ಜಾಸ್ತಿ ಖರ್ಚು ಮಾಡಿದ ಅಪ್ಪ ಅಮ್ಮನಿಗೆ, ಮಗುವಿಗಲ್ಲ.

ಬಾಗಿಲ ಪಕ್ಕದಲ್ಲೇ ಒಂದು ಡಬ್ಬ ಇಡಿ. ಕಾಗದದ ಕಿರೀಟ, ಕಿವಿ ಇರುವ ಹೇರ್ ಬ್ಯಾಂಡ್, ಮೀನಿನ ಸ್ಟಿಕ್ಕರ್, ಕರೆದ ಮಕ್ಕಳಿಗಿಂತ ಮೂರು ಜಾಸ್ತಿಯೇ ಇರಲಿ. ಎಲ್ಲ ಮಕ್ಕಳೂ ಬಂದ ತಕ್ಷಣ ಒಂದೊಂದು ಆರಿಸಿಕೊಳ್ಳಲಿ, ವೇಷ ಹಾಕಿಕೊಂಡು ಬಂದವರೂ ಸೇರಿ. ಮಾಮೂಲಿ ಬಟ್ಟೆಯಲ್ಲಿ ಬಂದವನನ್ನು ಮಾತ್ರ ಕರೆದು ಕೊಟ್ಟರೆ ಅವನಿಗೆ ಅದು ಗೊತ್ತಾಗುತ್ತದೆ.